ಪಾಂಡವರ ಪಕ್ಕದ ಆರನೆಯ ಕಲ್ಲು

"ಈ ಕಲ್ಲುಗಳಿಗೆ ಸುಣ್ಣ ಹಚ್ಚಿದವರು ಯಾರ್ರಿ?"

ವಕೀಲೆ ಪುಷ್ಪಲತಾ ಕೇಳಿದ್ದು ಇಷ್ಟೇ. ಅಷ್ಟಕ್ಕೇ ಲೇಔಟಿನ ಮಾಲೀಕ ಪ್ರವೀಣಕುಮಾರ್, ಹೊರಡಲೆಂದು ತೆರೆದಿದ್ದ ಕಾರಿನ ಬಾಗಿಲನ್ನು ಮುಚ್ಚಿ ಮತ್ತೆ ಇತ್ತ ಬಂದ.

ದಾಕ್ಷಾಯಣಮ್ಮನಿಗೆ ಸಿಟ್ಟು ಬಂತು. ಮಧ್ಯಾಹ್ನ ನೋಂದಣಿ. ಅದಕ್ಕೆ ಮೊದಲು ಸೈಟು ಮೆಟ್ಟಿ ಕೈ ಮುಗಿದು ಹೋಗೋಣವೆಂದು ಬಂದರೆ, ಹಗರಿಬೊಮ್ಮನಹಳ್ಳಿಯ ಈ ವಕೀಲಮ್ಮ ಕಾಗದ ನೋಡಿದ್ದು ಸಾಲದೆಂದು ಕಲ್ಲು ನೋಡುತ್ತ ಕುಕ್ಕರುಗಾಲಲ್ಲಿ ಕೂತಿದ್ದಾಳೆ.

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಜಾಗದಲ್ಲಿ ಖಾನಾವಳಿ ಇಟ್ಟು, ರೊಟ್ಟಿ ಬಡಿದು ಬಡಿದು ಕೂಡಿಸಿದ್ದಷ್ಟನ್ನೂ ದಾಕ್ಷಾಯಣಮ್ಮ ಊರಂಚಿನ ಈ ಮೂಲೆ ಸೈಟಿಗೆ ಸುರಿಯಲು ಹೊರಟು, ಆಗಲೇ ದೊಡ್ಡ ಮುಂಗಡ ಕೊಟ್ಟಿದ್ದಳು. ಕಟ್ಟಡದವನು ಯುಗಾದಿಗೆ ಜಾಗ ಬಿಡಿ ಎಂದಿದ್ದ. ಈ ಗಂಟು ಕೈಬಿಟ್ಟರೆ ಒಲೆ ಹೂಡಲು ಇನ್ನೊಂದು ಜಾಗ ಕೊಳ್ಳುವ ಶಕ್ತಿ ಅವಳಿಗೆ ಈ ಜನ್ಮದಲ್ಲಿ ಬರುವಂತಿರಲಿಲ್ಲ.

ಅವಳು ಸಲಹೆ ಕೇಳಿರಲಿಲ್ಲ ಎನ್ನುವ ಹಾಗಿಲ್ಲ. ಊಟಕ್ಕೆ ಬರುವ ಕಂಡಕ್ಟರನ್ನು ಕೇಳಿದ್ದಳು, ವಾಸ್ತು ನೋಡುವವರನ್ನು ಕೇಳಿದ್ದಳು, ಕೂಡ್ಲಿಗಿಯ ತಮ್ಮನನ್ನೂ ಕೇಳಿದ್ದಳು. ಎಲ್ಲರೂ ಕಣ್ಣು ಮುಚ್ಚಿ ತಗೋ ಎಂದಿದ್ದರು. ಹೋಗುವುದಾದರೆ ಅವರ ಗಂಟೇನೂ ಹೋಗುವಂತಿರಲಿಲ್ಲವಲ್ಲ.

ಕೊನೆಗೆ ತಿಳಿದವನೊಬ್ಬ ನೋಡಲಿ ಎಂದು ಹರಪನಹಳ್ಳಿಯ ಎಂಜಿನಿಯರ್ ಅರುಣ್ ಕುಮಾರನಿಗೆ ಫೀಸು ಕೊಟ್ಟು ಲೇಔಟಿಗೆ ಕಳಿಸಿದ್ದಳು. ಎಳ್ಳ ಅಮಾವಾಸ್ಯೆಯ ಮರುದಿನ ಅವನ ಫೋನು ಬಂದಿತ್ತು. "ಅಮ್ಮಾರೆ, ಲೇಔಟಿನಾಗೇ ಇದೀನಿ. ಅವಸರ ಮಾಡಬ್ಯಾಡ್ರಿ, ಬಂದು ಹೇಳ್ತೀನಿ." ಹಂಡೆಯೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳಿಸಿ ಲೈನು ಕಡಿದುಹೋಗಿತ್ತು.

ಆಮೇಲೆ ಅವನು ಬರಲಿಲ್ಲ. ಮನೆಗೂ ಹೋಗಿರಲಿಲ್ಲ. ಅವನ ಹೆಂಡತಿ ಅಮೃತಾ ಠಾಣೆಗೆ ದೂರು ಕೊಟ್ಟು, ಪುಷ್ಪಲತಾಳ ಎದುರು ಕೂತು ಅತ್ತಿದ್ದಳು. ಜಮೀನಿನ ವ್ಯಾಜ್ಯಗಳ ಬೇರು ಹುಡುಕುವುದರಲ್ಲಿ ಹೆಸರಾದ ಈ ವಕೀಲಮ್ಮ ನಿನ್ನೆ ಖಾನಾವಳಿಯ ಬಾಗಿಲಿಗೆ ಬಂದು ನಿಂತದ್ದು ಹಾಗೆ. ದಾಕ್ಷಾಯಣಮ್ಮ ಮಾತ್ರ, ಎಂಜಿನಿಯರ್ ತನ್ನ ಫೀಸು ನುಂಗಿ ಪರಾರಿಯಾಗಿದ್ದಾನೆಂದು ತೀರ್ಮಾನಿಸಿ, ಒಂದು ವಾರದಿಂದ ಹಿಟ್ಟು ನಾದುವಾಗಲೆಲ್ಲ ಅವನನ್ನು ಬೈದುಕೊಳ್ಳುತ್ತಿದ್ದಳು.

ನಕ್ಷೆ ನೋಡಿಯೇ ಆರಿಸಿದ ಸೈಟು ಇದು. ನೆಲ ಮೆಟ್ಟಿದ್ದು ಇವತ್ತೇ ಮೊದಲು. ಮೂಲೆಗೆ ಕಾಲಿಟ್ಟಾಗ ಮಣ್ಣು ಮೆತ್ತಗಿದ್ದು ಚಪ್ಪಲಿ ಹೂತುಕೊಂಡಿತ್ತು. ನಿಮಗೆಂದೇ ಹೊಸ ಮಣ್ಣು ಹೊಡೆಸಿ ಮಟ್ಟ ಮಾಡಿಸಿದ್ದೇನೆಂದು ಪ್ರವೀಣಕುಮಾರ್ ಹೇಳಿದ್ದ. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡಿದ್ದಳು.

ಸೈಟಿಗೆ ಅಂಟಿಕೊಂಡಂತೆ ಒಂದು ಬನ್ನಿ ಗಿಡ. ಅದರ ಬುಡದಲ್ಲಿ ಮೈತುಂಬ ಸುಣ್ಣ ಬಳಿದುಕೊಂಡ ಐದು ಪುಟ್ಟ ಕಲ್ಲುಗಳು ಸಾಲಾಗಿ ಕೂತಿದ್ದವು. ರೈತರು ಪೂಜಿಸುವ ಹೊಲದ ಪಾಂಡವರು. ಅವುಗಳ ಪಕ್ಕದಲ್ಲಿ ಆರನೆಯದು, ಸ್ವಲ್ಪ ದೊಡ್ಡ ಕರಿಕಲ್ಲು. ಅದಕ್ಕೆ ಮೈತುಂಬ ಸುಣ್ಣವಿರಲಿಲ್ಲ, ಅಡ್ಡಡ್ಡ ಮೂರು ಬಿಳಿ ಪಟ್ಟೆಗಳು ಮಾತ್ರ ಇದ್ದವು.

ಹುಟ್ಟಿದಾಗಿನಿಂದ ವಿಭೂತಿಯಿಲ್ಲದೆ ನೀರು ಮುಟ್ಟದ ಮನೆತನದ ದಾಕ್ಷಾಯಣಮ್ಮನಿಗೆ ಅಷ್ಟು ಕಂಡರೆ ಸಾಲದೇ? ಬಂದ ಕೂಡಲೇ ಚಪ್ಪಲಿ ಬಿಟ್ಟು ಓಡಿ ಹೋಗಿ ಅಡ್ಡಬಿದ್ದಿದ್ದಳು. ಪಟ್ಟೆ ಮುಟ್ಟಿದ ಬೆರಳಿಗೆ ಹತ್ತಿದ ಬಿಳಿಯನ್ನು ತನ್ನ ಹಣೆಗೂ ಮೂರೆಳೆ ಎಳೆದುಕೊಂಡಿದ್ದಳು. ಫೋಟೋ ತೆಗೆದು ತವರಿನವರ ಗುಂಪಿಗೆ ಕಳಿಸಿದ್ದಳು. ಪ್ರವೀಣಕುಮಾರ್ ಒಂದು ಗಳಿಗೆ ಆ ಕಲ್ಲನ್ನೇ ದಿಟ್ಟಿಸಿ ನೋಡಿ, ಆಮೇಲೆ ನಕ್ಕು, ನಿಮ್ಮ ಜಾಗದಲ್ಲಿ ಶಿವನೇ ಮೂಡಿದ್ದಾನೆ ಅಮ್ಮಾ ಎಂದಿದ್ದ.

ಈಗ ಪುಷ್ಪಲತಾ ಪಾಂಡವರ ಕಡೆ ಬೆರಳು ತೋರಿಸಿ ಮತ್ತೆ ಅದೇ ಪ್ರಶ್ನೆ ಕೇಳಿದಳು.

ತಾನೇ ಯುಗಾದಿಗೆ ಹಚ್ಚಿದ್ದು ಎಂದ ಪ್ರವೀಣಕುಮಾರ್. ಯುಗಾದಿಗೆ ಹಚ್ಚಿದ ಸುಣ್ಣ ಒಂದು ಮಳೆಗಾಲ ದಾಟಿ ಇಷ್ಟು ಬೆಳ್ಳಗೆ ಇರುತ್ತದೆಯೇ ಎಂದು ಅವಳು ತಣ್ಣಗೆ ಕೇಳಿದಳು. ಅವನು ಕತ್ತಿನ ಪಟ್ಟಿ ಸರಿಮಾಡಿಕೊಂಡ.

"ನಮ್ಮ ಅತ್ತಿ ಮಾಡ್ತಿದ್ಲು ಬಿಡ್ರಿ, ನಮ್ಮಪ್ಪನ ತಂಗಿ. ಆಕಿ ತೀರ್ಕೊಂಡು ಬಾಳ ವರ್ಷ ಆತು. ಈಗ ಯಾರು ಮಾಡ್ತಾರೋ ನನಗೇನು ಗೊತ್ತ್ರಿ."

ಪುಷ್ಪಲತಾ ಗಿಡದ ಕೊಂಬೆಗೆ ಕಟ್ಟಿದ್ದ ಹಳದಿ ಬಟ್ಟೆಯ ಚೀಲವೊಂದನ್ನು ಬಿಚ್ಚಿ ತನ್ನ ವ್ಯಾನಿಟಿಗೆ ಹಾಕಿಕೊಂಡಳು. ಮದುವೆಯಲ್ಲಿ ತಾಂಬೂಲ ಹಾಕಿ ಕೊಡುವ ಚೀಲ. ಒಳಗೆ ಸುಣ್ಣ ಮೆತ್ತಿಕೊಂಡಿತ್ತು, ಹೊರಗೆ ಮದುಮಕ್ಕಳ ಹೆಸರು, ಹೋದ ವೈಶಾಖದ ತಾರೀಖು, ಊರು ಹೊಳಲು ಎಂದು ಅಚ್ಚಾಗಿತ್ತು.

ಮಧ್ಯಾಹ್ನ ನೋಂದಣಿ ಕಚೇರಿಗೆ ನಾವೇ ಬರುತ್ತೇವೆ ಎಂದು ಅವನನ್ನು ಕಳಿಸಿಕೊಟ್ಟು, ಅವಳು ದಾಕ್ಷಾಯಣಮ್ಮನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಕಾರು ಹತ್ತಿಸಿದಳು.

*

ಹಿರೇಹಡಗಲಿ ದಾಟುವವರೆಗೂ ದಾಕ್ಷಾಯಣಮ್ಮ ಮುಖ ಊದಿಸಿಕೊಂಡೇ ಇದ್ದಳು. ಕಾಗದವೆಲ್ಲ ನೆಟ್ಟಗಿದೆ ಎಂದು ನಿನ್ನೆ ನೋಡಿ ನೀವೇ ಹೇಳಿದಿರಲ್ಲ, ಮತ್ತೇಕೆ ಈ ಅಲೆದಾಟ ಎಂದು ಜಗಳ ತೆಗೆದಳು.

ಕಾಗದದಲ್ಲಿ ಬರೆಸಿದ್ದಷ್ಟೇ ಇರುತ್ತದೆ ಎಂದು ಪುಷ್ಪಲತಾ ಸಮಾಧಾನದಿಂದಲೇ ಬಿಡಿಸಿ ಹೇಳಿದಳು. ಪ್ರವೀಣಕುಮಾರ್ ಕೊಟ್ಟ ವಂಶವೃಕ್ಷದಲ್ಲಿ ಅವನ ತಂದೆಗೆ ತಂಗಿಯೇ ಇಲ್ಲ. ಇಂದು ಬಾಯಿತಪ್ಪಿ ಅವನೇ ಒಬ್ಬ ತಂಗಿಯನ್ನು ಹುಟ್ಟಿಸಿದ, ಅದೇ ಉಸಿರಿನಲ್ಲಿ ಸಾಯಿಸಿಯೂ ಬಿಟ್ಟ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಪಾಂಡವರಿಗೆ ಸುಣ್ಣ ಬಳಿದು, ಎಡೆ ಹಿಡಿದು, ಬದುವಿನ ಸುತ್ತ ಆ ಎಡೆಯನ್ನೇ ಚರಗವೆಂದು ಚೆಲ್ಲುವವರು ದಾರಿಹೋಕರಲ್ಲ. ಈ ಹೊಲದ ಅನ್ನ ನನ್ನದು ಎಂದುಕೊಂಡವರು. ಅಂಥವರೊಬ್ಬರು ವಾರದ ಹಿಂದೆ ಅಲ್ಲಿಗೆ ಬಂದಿದ್ದಾರೆ.

ದಾಕ್ಷಾಯಣಮ್ಮ ಆ ಕಲ್ಲುಗಳನ್ನು ತಾನೂ ನೋಡಿದ್ದಳು. ದೇವರಿದ್ದಾನೆ ಎಂದುಕೊಂಡಳೇ ಹೊರತು ದೇವರಿಗೆ ಕೈಮುಗಿದ ಮನುಷ್ಯರೂ ಇರುತ್ತಾರೆಂದು ಹೊಳೆದಿರಲಿಲ್ಲ.

"ಒಬ್ಬ ಮನುಷ್ಯ ಆ ನೆಲ ನೋಡಾಕ ಹೋಗಿ ಕಾಣಿಯಾಗ್ಯಾನ," ಎಂದಳು ಪುಷ್ಪಲತಾ, ರಸ್ತೆಯಿಂದ ಕಣ್ಣು ಕೀಳದೆ. "ಅತ್ತಿ ತೀರ್ಕೊಂಡಾಳ ಅಂದನಲ್ಲ ಅಕ್ಕಾರೆ, ಅದು ಬರೇ ಸುಳ್ಳಾಗಿರ್ಲಿ ಅಂತ ಬೇಡ್ಕೊಳ್ರಿ."

ಹೊಳಲು ಬರುವವರೆಗೂ ದಾಕ್ಷಾಯಣಮ್ಮ ನಿಜವಾಗಿಯೂ ಬೇಡಿಕೊಂಡಳು.

ಚೀಲದ ಮೇಲಿದ್ದ ಹೆಸರಿನವರ ಮನೆ ಸಿಗುವುದು ತಡವಾಗಲಿಲ್ಲ. ಮದುವೆಗೆ ಬಂದವರಲ್ಲಿ ಕೊಟ್ಟೂರು ತವರಿನವರು ಯಾರಿದ್ದಾರೆ ಎಂದು ಕೇಳಿದರೆ, ಆ ಮನೆಯ ಸೊಸೆ ನೀರಿನ ಕೊಡ ಇಳಿಸದೆಯೇ, ಅನಂತಶಯನನ ಗುಡಿಯ ಹಿಂದಿನ ಮಂಜಮ್ಮ ಎಂದಳು. ಇದ್ದಾಳೆಯೇ ಎಂದು ಪುಷ್ಪಲತಾ ಕೇಳಿದಳು. ಇಲ್ಲದೆ ಎಲ್ಲಿ ಹೋಗುತ್ತಾಳೆ, ಬೆಳಿಗ್ಗೆ ತಾನೇ ಕೋಳಿ ಹಿತ್ತಲಿಗೆ ಬಂದಿತೆಂದು ನಮ್ಮ ಮೇಲೆ ಜಗಳಕ್ಕೆ ಬಂದಿದ್ದಳು ಎಂದಳು ಸೊಸೆ.

ಮಂಜಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಗಟ್ಟಿ ಮುದುಕಿ. ಬಂದವರ ಮುಖ ನೋಡಿ ಮೊರ ಕೆಳಗಿಟ್ಟು, ಕೂತುಕೊಳ್ಳಲು ಚಾಪೆ ಹಾಸಿದಳು.

ದಾಕ್ಷಾಯಣಮ್ಮನಿಗೆ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ಪರಿಚಯವೇ ಇಲ್ಲದ ಮುದುಕಿಯ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟಳು. ಪುಷ್ಪಲತಾ ಬಂದ ಕೆಲಸ ಹೇಳಿದಳು. ಮಂಜಮ್ಮ ಎಲ್ಲವನ್ನೂ ಕೇಳಿ ಕೊನೆಗೆ ಒಂದೇ ಮಾತು ವಿಚಾರಿಸಿದಳು.

"ನಾ ಸತ್ತು ಎಷ್ಟು ವರ್ಷ ಆತಂತವ್ವ?"

*

ನೋಂದಣಿ ಕಚೇರಿಯ ಜಗುಲಿಯ ಮೇಲೆ ಪ್ರವೀಣಕುಮಾರ್ ಗರಿಗರಿ ಅಂಗಿ ತೊಟ್ಟು ನಿಂತಿದ್ದ. ಬೆಳಿಗ್ಗೆ ಹೋದ ಇಬ್ಬರು ಮೂವರಾಗಿ ಕಾರಿನಿಂದ ಇಳಿಯುವುದನ್ನು ನೋಡಿದ. ಮೂರನೆಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವನ ಮುಖ ಹಿಂಡಿದ ಬಟ್ಟೆಯಾಗಿತ್ತು.

"ಏನಪ ಪ್ರವೀಣ," ಎಂದಳು ಮಂಜಮ್ಮ, ದನಿ ಏರಿಸದೆ. "ನನ್ನ ತಿಥಿ ಮಾಡಿದಿ ಅಂತಲ್ಲ, ನನ್ನೂ ಒಂದು ಮಾತು ಊಟಕ್ಕ ಕರೀಬಾರದೇನೋ?"

ಜಗುಲಿಯ ಮೇಲಿದ್ದ ಪತ್ರ ಬರಹಗಾರರೂ ಸಾಕ್ಷಿಗೆ ಬಂದವರೂ ಕೆಲಸ ಬಿಟ್ಟು ಇತ್ತ ತಿರುಗಿದರು. ಪ್ರವೀಣಕುಮಾರ್ ಬಗ್ಗಿ ಅತ್ತೆಯ ಕಾಲು ಹಿಡಿಯಲು ಹೋದ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

ಬಾಯಿಗೆ ಬಂದ ಸುಳ್ಳನ್ನೆಲ್ಲ ಅವನು ಹೇಳಿ ನೋಡಿದ. ವಂಶವೃಕ್ಷ ಮಾಡಿಸಿದವನು ತಪ್ಪು ಮಾಡಿದ್ದಾನೆ, ಅತ್ತೆಯ ಪಾಲು ಹಿಂದೆಯೇ ಬಾಯಿಮಾತಿನಲ್ಲಿ ತೀರಿದೆ, ಮನೆಯ ವಿಷಯ ಮನೆಯಲ್ಲೇ ಮಾತಾಡೋಣ. ಹೆಣ್ಣುಮಗಳೂ ವಾರಸುದಾರಳು, ಅವಳ ಸಹಿಯಿಲ್ಲದೆ ಈ ನೆಲದ ಒಂದು ಹಿಡಿ ಮಣ್ಣೂ ಕೈ ಬದಲಾಗುವುದಿಲ್ಲ ಎಂದು ಪುಷ್ಪಲತಾ ಹೇಳಿದಳು. ಮುಂಗಡವನ್ನು ಈಗಲೇ ತಿರುಗಿಸಿದರೆ ದಾಕ್ಷಾಯಣಮ್ಮನ ಮಟ್ಟಿಗೆ ಮಾತು ಮುಗಿಯಿತು, ಇಲ್ಲವಾದರೆ ಇದೇ ಜಗುಲಿಯಿಂದ ನೇರ ಠಾಣೆಗೆ ಹೋಗುತ್ತೇವೆ ಎಂದೂ ಸೇರಿಸಿದಳು.

ಅವನು ಫೋನು ತೆಗೆದು ಅಲ್ಲೇ ಗೋಡೆಗೆ ಒರಗಿ ಒತ್ತತೊಡಗಿದ. ಸ್ವಲ್ಪ ಹೊತ್ತಿಗೆ ದಾಕ್ಷಾಯಣಮ್ಮನ ಫೋನು ಕಿಣ್ ಎಂದಿತು. ಅವಳು ನೋಡಿದಳು, ಕಣ್ಣೊರೆಸಿಕೊಂಡಳು, ಮತ್ತೆ ನೋಡಿದಳು. ಬಂದಿತ್ತು. ಅಷ್ಟೂ ಬಂದಿತ್ತು. ಅಲ್ಲೇ ಕಟ್ಟೆಯ ಮೇಲೆ ಕೂತಳು.

ಹೊರಡುವ ಮುನ್ನ ಪುಷ್ಪಲತಾ, ಏನೋ ಆಗ ನೆನಪಾದವಳಂತೆ, ಎಂಜಿನಿಯರ್ ಅರುಣ್ ಕುಮಾರನ ವಿಷಯ ಎತ್ತಿದಳು. ಲೇಔಟಿಗೆ ಬಂದಾಗ ಅವನು ಏನು ಹೇಳಿದ?

"ಯಾವ ಎಂಜಿನಿಯರ್ರೀ?" ಎಂದ ಪ್ರವೀಣಕುಮಾರ್. "ಬರ್ತೀನಿ ಅಂದಿದ್ದ. ಬರ್ಲೇ ಇಲ್ಲ. ಅವನ ಮುಖಾನೂ ನಾ ನೋಡಿಲ್ಲ."

ಲೇಔಟಿನೊಳಗೆ ನಿಂತೇ ಅವನು ತನಗೆ ಫೋನ್ ಮಾಡಿದ್ದು ದಾಕ್ಷಾಯಣಮ್ಮನ ನಾಲಿಗೆಯ ತುದಿಗೆ ಬಂತು. ಪುಷ್ಪಲತಾ ಅವಳ ರಟ್ಟೆಯನ್ನು ಮೆತ್ತಗೆ ಚಿವುಟಿದಳು.

*

ಆ ಸಂಜೆ ಖಾನಾವಳಿಯಲ್ಲಿ ಹಬ್ಬವೇ ಆಯಿತು. ದಾಕ್ಷಾಯಣಮ್ಮ ಯಾರ ಕೈಗೂ ಕೊಡದೆ ತಾನೇ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ಬಡಿದಳು. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಂಜಮ್ಮ ಸತ್ತವರು ಉಣ್ಣುವಂತೆ ಉಣ್ಣಲಿಲ್ಲ.

ಸೈಟು ಹೋಯಿತೆಂಬ ಸಂಕಟ ಒಂದು ಚೂರೂ ಇರಲಿಲ್ಲ ದಾಕ್ಷಾಯಣಮ್ಮನಿಗೆ. ಮೈ ಹಗುರಾಗಿತ್ತು. ಇನ್ನು ಒಂದು ಗೇಣು ನೆಲ ಕೊಂಡರೂ ಕಂಡಕ್ಟರನ್ನಲ್ಲ, ನಿಮ್ಮನ್ನು ಕೇಳಿ ಕೊಳ್ಳುತ್ತೇನೆ ಎಂದು ವಕೀಲಮ್ಮನ ಎಲೆಗೆ ಮೇಲಿಂದ ಮೇಲೆ ತುಪ್ಪ ಹಾಕಿದಳು. ಆ ಕ್ರಯಪತ್ರ ಆಗಿದ್ದಿದ್ದರೆ ನೀವು ಸ್ವಂತ ಜಾಗದಲ್ಲಿ ಒಲೆ ಹೂಡುತ್ತಿರಲಿಲ್ಲ, ಕೋರ್ಟಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದಿರಿ ಎಂದು ಪುಷ್ಪಲತಾ ನಕ್ಕಳು. ಅವಳು ಆ ದಿನ ನಕ್ಕದ್ದು ಅದೇ ಮೊದಲು.

ಒಂದೇ ಒಂದು ಕಿರಿಕಿರಿ ಉಳಿದಿತ್ತು. ದಾಕ್ಷಾಯಣಮ್ಮನ ಹಣೆ ಮಧ್ಯಾಹ್ನದಿಂದ ಉರಿಯುತ್ತಿತ್ತು. ಒಲೆಯ ಝಳಕ್ಕೆ ಈಗ ಇನ್ನೂ ಹೆಚ್ಚಾಗಿತ್ತು. ಅವಳು ಸೆರಗಿನಿಂದ ಒತ್ತಿಕೊಳ್ಳುವುದನ್ನು ಮಂಜಮ್ಮ ನೋಡಿ ಹತ್ತಿರ ಕರೆದು, ಹೆಬ್ಬೆರಳಿನಿಂದ ಹಣೆ ಉಜ್ಜಿ, ಬೆರಳನ್ನು ಮೂಸಿದಳು.

"ವಿಭೂತಿ ಸುಡಂಗಿಲ್ಲ ನನ್ನವ್ವ. ಇದು ಸುಣ್ಣ."

ಪಾಂಡವರ ಪಕ್ಕದ ಕಲ್ಲಿನದು ಎಂದಳು ದಾಕ್ಷಾಯಣಮ್ಮ. ಪಕ್ಕದಲ್ಲಿ ಯಾವ ಕಲ್ಲೂ ಇಲ್ಲವಲ್ಲ, ಪಾಂಡವರು ಐದೇ, ತಾನು ಸುಣ್ಣ ಬಳಿದದ್ದೂ ಐದಕ್ಕೇ ಎಂದಳು ಮಂಜಮ್ಮ. ಉಳಿದ ಸುಣ್ಣವನ್ನು ಚೀಲದಲ್ಲೇ ಬಿಟ್ಟು ಗಿಡಕ್ಕೆ ಕಟ್ಟಿ ಬಂದಿದ್ದಳಂತೆ.

ದಾಕ್ಷಾಯಣಮ್ಮ ಕೈ ಒರೆಸಿಕೊಂಡು ಬೆಳಿಗ್ಗೆ ತೆಗೆದ ಫೋಟೋ ತೋರಿಸಿದಳು. ಮುದುಕಿ ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಪುಷ್ಪಲತಾ ಚಿತ್ರವನ್ನು ದೊಡ್ಡದು ಮಾಡಿ ಕೊಟ್ಟಳು. ಕರಿಕಲ್ಲು, ಮೂರು ಬಿಳಿ ಪಟ್ಟೆ. ಮಂಜಮ್ಮನ ಬೆರಳು ಆ ಪಟ್ಟೆಗಳ ಮೇಲೆ ಒಂದೊಂದಾಗಿ ಹರಿಯಿತು, ಮುಖದ ನಗು ಇಳಿಯಿತು.

"ಇವು ಪಟ್ಟಿ ಅಲ್ಲ. ಗೀರು. ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು. ನಮ್ಮವ್ವ ಸೇದ್ಯಾಳ, ನಾ ಸೇದೀನಿ. ಇದು ನಮ್ಮ ಬಾವಿ ಬಾಯಿ ಕಲ್ಲು."

ಗೀರುಗಳಲ್ಲಿ ಯಾರೋ ಸುಣ್ಣ ತುಂಬಿದ್ದರು. ದಾಕ್ಷಾಯಣಮ್ಮ ಅದನ್ನು ವಿಭೂತಿ ಎಂದು ಹಣೆಗೆ ಹಚ್ಚಿಕೊಂಡಿದ್ದಳು.

"ಬಾವಿ ಎಲ್ಲಿತ್ರಿ?" ಎಂದು ಕೇಳಿದಳು ಪುಷ್ಪಲತಾ. ಲೇಔಟಿನಲ್ಲಿ ಅವರಿಬ್ಬರೂ ಬಾವಿ ನೋಡಿರಲಿಲ್ಲ.

ಬನ್ನಿ ಗಿಡದಿಂದ ರಸ್ತೆಯ ಕಡೆಗೆ, ಮೂಲೆಯಲ್ಲಿ ಎಂದಳು ಮಂಜಮ್ಮ. ಎಳ್ಳ ಅಮಾವಾಸ್ಯೆಯ ದಿನ ಅದರ ನೀರು ಸೇದಿಯೇ ಪಾಂಡವರನ್ನು ತೊಳೆದಿದ್ದಳು. ಅವತ್ತು ಬಾವಿ ಇತ್ತು.

ಮೂಲೆ ಸೈಟು. ಚಪ್ಪಲಿ ಹೂತುಕೊಂಡ ಹೊಸ ಮಣ್ಣು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ದಾಕ್ಷಾಯಣಮ್ಮ ತಿರುಗಿ ನೋಡಲಿಲ್ಲ. ಎಳ್ಳ ಅಮಾವಾಸ್ಯೆಯ ಮರುದಿನ ಬಂದ ಫೋನು ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಅದು ಹಂಡೆಯ ದನಿಯಾಗಿರಲಿಲ್ಲ. ಬಾವಿಗೆ ಬಗ್ಗಿ ನಿಂತವನ ದನಿ. ಅವಸರ ಮಾಡಬೇಡಿ ಎಂದು ತನ್ನ ಒಳ್ಳೆಯದಕ್ಕೇ ಹೇಳಿದವನನ್ನು ವಾರವಿಡೀ ಕಳ್ಳನೆಂದು ಬೈದಿದ್ದಳು. ಅದನ್ನೆಲ್ಲ ವಕೀಲಮ್ಮನಿಗೆ ಹೇಳಿದಳು.

ಪುಷ್ಪಲತಾ ಎದ್ದು ಕೈ ತೊಳೆದು, ಠಾಣೆಗೆ ಫೋನ್ ಹಚ್ಚಿದಳು. ಆ ಮೂಲೆಯನ್ನು ಅಗೆಸಬೇಕು ಎಂದಷ್ಟೇ ಹೇಳುತ್ತಿದ್ದಳು. ಆಗ ದಾಕ್ಷಾಯಣಮ್ಮ ಅವಳ ತೋಳು ಹಿಡಿದಳು. ಇನ್ನೊಂದು ಕೈಯ ಬೆರಳುಗಳನ್ನು, ಬೆಳಿಗ್ಗೆ ಕಲ್ಲು ಮುಟ್ಟಿದ ಬೆರಳುಗಳನ್ನು, ಅವಳು ತನ್ನ ಕಣ್ಣೆದುರು ಹಿಡಿದು ನೋಡುತ್ತಿದ್ದಳು.

"ವಕೀಲಮ್ಮ, ಮುಚ್ಚಿದ ಬಾವಿ ನಮಗ ತಿಳೀಲಿ ಅಂತ ಆ ಸುಣ್ಣ ತುಂಬಿದವರು ಯಾರೋ ಇನ್ನೂ ಅಲ್ಲೇ ಸುತ್ತಮುತ್ತ ಅದಾರ," ಎಂದಳು. "ಬೆಳಿಗ್ಗಿ ನಾ ಮುಟ್ಟಿದಾಗ ಅದು ಹಸಿ ಇತ್ತು."